ಬೈಸಿಕೊಳ್ಳಲು ಜೆಇ ಬೇಕಾಗಿದ್ದಾರೆ

ಕಾರ್ತಿಕದ ಕೊನೆಯ ಸೋಮವಾರ ನಮ್ಮ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಅದಕ್ಕೆ ಮೂರು ದಿನ ಮುಂಚೆ, ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ಬೊಂಬು ನೆಟ್ಟು ಟಾರ್ಪಾಲು ಎಳೆಯುತ್ತಿದ್ದ ಹೊತ್ತಿನಲ್ಲಿ, ನಾನು ತೀರಿಕೊಂಡೆ.

ಗಾಬರಿ ಬೇಡ, ಸರ್ಕಾರಿ ಕಡತದಲ್ಲಿ ಮಾತ್ರ. ನವೆಂಬರ್ ಬಂತೆಂದರೆ ಪಿಂಚಣಿದಾರರೆಲ್ಲ ತಾವಿನ್ನೂ ಇದ್ದೇವೆಂದು ರುಜುವಾತು ಕೊಡಬೇಕು. ಮೊದಲೆಲ್ಲ ಬ್ಯಾಂಕಿಗೆ ನಡೆದುಕೊಂಡು ಹೋಗುತ್ತಿದ್ದೆವು. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, ‘ಏನ್ ಮೇಷ್ಟ್ರೇ, ಆರೋಗ್ಯವಾ?’ ಎಂದು ಕೇಳಿ ಒಂದು ರುಜು ಗೀಚಿದರೆ ಇನ್ನೊಂದು ವರ್ಷದ ಆಯುಷ್ಯ ಮಂಜೂರು. 2014ರಲ್ಲಿ ಇದಕ್ಕೂ ಆನ್‌ಲೈನ್ ದಾರಿ ಬಂತು, ಹೆಸರು ಜೀವನ ಪ್ರಮಾಣ. ಈಗಂತೂ ಫೋನಿನ ಎದುರು ಮುಖ ಹಿಡಿದು, ಅದು ಹೇಳಿದಾಗ ಕಣ್ಣು ಮಿಟುಕಿಸಿದರೆ ಮುಗಿಯಿತು. ನಾನೂ ತಲೆ ಬಾಚಿಕೊಂಡು ಕಿಟಕಿಯ ಬೆಳಕಿಗೆ ಕೂತೆ. ವೃತ್ತದೊಳಗೆ ಮುಖ ಬಂತು. ಮಿಟುಕಿಸಿ ಎಂದಿತು. ಮುಚ್ಚಿದೆ. ತೆರೆಯುವಷ್ಟರಲ್ಲಿ ನೆಟ್ ಹೋಯಿತು. ಟಿವಿ ಪಕ್ಕದ ಡಬ್ಬಿಯಲ್ಲಿ ಹಸಿರಿದ್ದ ಕಡೆ ಕೆಂಪು ದೀಪ ಮಿಣುಕತೊಡಗಿತು. ಕಣ್ಣು ಮುಚ್ಚಿದ ವರ್ತಮಾನ ದೆಹಲಿಗೆ ತಲುಪಿರಬೇಕು. ತೆರೆದದ್ದು ತಲುಪಲಿಲ್ಲ.

ಕರೆಂಟ್ ಹೋದರೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿದೆ. ಮೊದಲು ಬಾಗಿಲಿಗೆ ಬಂದು ಎದುರುಮನೆ ನೋಡುವುದು. ಅಲ್ಲೂ ಹೋಗಿದ್ದರೆ ಅರ್ಧ ಸಮಾಧಾನ. ಆಮೇಲೆ ಬೀದಿ ಕೊನೆಯ ತನಕ ಕಣ್ಣು ಹಾಯಿಸುವುದು. ಎಲ್ಲರದ್ದೂ ಹೋಗಿದ್ದರೆ ಪೂರ್ತಿ ಸಮಾಧಾನ. ಎದುರುಮನೆ ರಾಯರು ಕೆಇಬಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿ, 2002ರಲ್ಲಿ ಬೆಸ್ಕಾಂ ಹುಟ್ಟಿ ಇಷ್ಟು ಕಾಲವಾದರೂ ಅವರು ಕೆಇಬಿ ರಾಯರೇ. ಕರೆಂಟ್ ಹೋದ ಎರಡನೇ ನಿಮಿಷಕ್ಕೆ ರಾಯರು ಪಂಚೆ ಎತ್ತಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತು ಜೆಇಗೆ, ಅಂದರೆ ಜೂನಿಯರ್ ಎಂಜಿನಿಯರಿಗೆ, ಫೋನ್ ಹಚ್ಚುತ್ತಾರೆ. ಬೀದಿಯವರೆಲ್ಲ ಸುತ್ತ ನಿಲ್ಲುತ್ತೇವೆ. ನೀರಿನದ್ದೂ ಇದೇ ಕಥೆ. ವಾಲ್ವ್ ತಿರುಗಿಸುವವನು ಯಾರು, ಅವನು ಯಾವ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾನೆ, ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾನೆ, ಎಲ್ಲ ಬೀದಿಗೆ ಗೊತ್ತು.

ನೆಟ್ ಹೋದರೆ? ನಮ್ಮದೊಂದು ಕಂಪನಿ, ರಾಯರದು ಇನ್ನೊಂದು, ಪಕ್ಕದ ಮಹಡಿಯ ಬಾಡಿಗೆ ಹುಡುಗರದು ಮತ್ತೊಂದು. ‘ನಮ್ದು ಬರ್ತಾ ಇದೆಯಲ್ಲ ಮೇಷ್ಟ್ರೇ’ ಎಂದರು ರಾಯರು. ಪಕ್ಕದ ಮನೆಯ ಕ್ಯಾನ್ಸರಿನ ಸುದ್ದಿ ಕೇಳಿದವರ ದನಿಯದು, ಮರುಕ ಮತ್ತು ನಿರಾಳ ಸರಿಯಾಗಿ ಅರ್ಧರ್ಧ. ದುಃಖ ಹೋಗಲಿ, ಅದನ್ನು ಹಂಚಿಕೊಳ್ಳಲೂ ಜನವಿಲ್ಲದ ದುಃಖ ಇದು.

ಕಂಪನಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ನಮ್ಮ ಆಪ್‌ನಲ್ಲಿ ಬನ್ನಿ ಎಂದಿತು. ಆಪ್‌ನಲ್ಲಿ ಒಬ್ಬಳು ಇದ್ದಾಳೆ. ಹೆಸರು ಹೆಣ್ಣುಮಗಳದು, ಮನುಷ್ಯಳಲ್ಲ. ಮೊಬೈಲ್ ಡೇಟಾ ಹಾಕಿಕೊಂಡು ‘ನೆಟ್ ಇಲ್ಲ’ ಎಂದು ಕನ್ನಡದಲ್ಲೇ ಬರೆದೆ. ಪರಿಹಾರ ತಿಳಿಯಲು ಈ ವಿಡಿಯೊ ನೋಡಿ ಎಂದು ಲಿಂಕ್ ಕಳಿಸಿದಳು. ಪ್ಲಗ್ ತೆಗೆದು ಹಾಕಿ ಎಂದಳು. ಹಾಕಿದೆ. ಇನ್ನೊಮ್ಮೆ ಎಂದಳು. ಹಾಕಿದೆ. ಸಿಟ್ಟು ನೆತ್ತಿಗೇರಿ, ಮೂವತ್ತಾರು ವರ್ಷ ಕ್ಲಾಸಿನಲ್ಲಿ ನುಂಗಿಕೊಂಡಿದ್ದ ಪದವೊಂದನ್ನು ಟೈಪ್ ಮಾಡಿಬಿಟ್ಟೆ. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂದಳು.

ನನಗೆ ಆಗ ಹೊಳೆಯಿತು. ನೆಟ್ಟು ನೀರು-ಕರೆಂಟಿನ ಸಾಲಿಗೆ ಸೇರಬೇಕೇ ಬೇಡವೇ ಎಂದು ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಸಭೆಗಳಲ್ಲಿ ಚರ್ಚಿಸುತ್ತಾರಲ್ಲ, ಅದರ ತಿರುಳು ಇಷ್ಟೇ. ಬೈಸಿಕೊಳ್ಳಲು ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ?

ಶನಿವಾರ ಸಂಜೆ ರಾಯರ ಜಗುಲಿಯಲ್ಲಿ ಈ ಮಾತೇ ಎದ್ದಿತು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗನೂ ಬಂದಿದ್ದ, ಪರಿಷೆಗೆಂದು. ರಾಯರ ವಾದ ಸರಳ. ಯಾವುದಿಲ್ಲದಿದ್ದರೆ ಮನೆ ನಡೆಯುವುದಿಲ್ಲವೋ ಅದು ಸಾರ್ವಜನಿಕ ಸೇವೆ. ರೇಷನ್ ಕಾರ್ಡಿನ ಇ-ಕೆವೈಸಿಯಿಂದ ಹಿಡಿದು, ಅಜ್ಜನ ಹೆಸರಲ್ಲೇ ಉಳಿದ ಮನೆಯ ಇ-ಖಾತಾ ತನಕ ಎಲ್ಲವನ್ನೂ ನೆಟ್ಟಿಗೆ ಹಾಕಿದ ಮೇಲೆ, ನೆಟ್ಟನ್ನು ಅಂಗಡಿಯ ಬಿಸ್ಕತ್ತಿನ ಹಾಗೆ ಮಾರಲು ಬಿಡುವುದು ಯಾವ ನ್ಯಾಯ? ಕಚೇರಿಯ ಬಾಗಿಲು ಮುಚ್ಚಿ, ಹೊಸ ಬಾಗಿಲಿನ ಬೀಗದ ಕೈ ಖಾಸಗಿಯವನಿಗೆ ಕೊಟ್ಟಂತಾಯ್ತಲ್ಲ?

ಅಳಿಯ ನಕ್ಕ. ‘ಅಂಕಲ್, ನೆಟ್ಟನ್ನ ವಾಟರ್ ಬೋರ್ಡ್ ಥರ ಮಾಡಿದ್ರೆ ಏನಾಗತ್ತೆ ಗೊತ್ತಾ? ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕರಿಂದ ಆರರ ತನಕ ನೆಟ್ ಬಿಡ್ತಾರೆ. ಎಲ್ಲ ಅಲಾರಂ ಇಟ್ಕೊಂಡು ಎದ್ದು ಇ-ಮೇಲ್ ತುಂಬಿಸ್ಕೋಬೇಕು. ಮನೆ ಮುಂದೆ ಒಂದು ನೆಟ್ ಸಂಪು, ಮೇಲೊಂದು ಸಿಂಟೆಕ್ಸು. ಬೇಸಿಗೇಲಿ ನೆಟ್ ಟ್ಯಾಂಕರು. ದೀಪಾವಳಿಗೆ ರೂಟರ್‌ಮ್ಯಾನ್‌ಗೆ ಇನಾಮು.’

ನಗು ಬಂತು. ಬಂದಷ್ಟೇ ಬೇಗ ಹೋಯಿತು. ಯಾಕೆಂದರೆ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ. ಟೆಲಿಫೋನು ಪೂರ್ತಿ ಸರ್ಕಾರದ ಕೈಯಲ್ಲಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಅವಸರವಿದ್ದವರಿಗೆ ಓವೈಟಿ ಅಂತ ಒಂದು ಸ್ಕೀಮು. ದೊಡ್ಡ ಮೊತ್ತ ಮೊದಲೇ ಕಟ್ಟಿದರೆ ಕ್ಯೂ ಸ್ವಲ್ಪ ಸಣ್ಣದು. ಉಳಿದವರು ಮದುವೆ ಕಾಗದದಲ್ಲಿ ಪಕ್ಕದ ಮನೆ ನಂಬರು ಹಾಕಿ ಮುಂದೆ ‘ಪಿ.ಪಿ.’ ಎಂದು ಅಚ್ಚು ಹಾಕಿಸುತ್ತಿದ್ದರು. ಚಾಮರಾಜಪೇಟೆಯಲ್ಲಿ ಒಂದು ಫೋನಿಗೆ ಹನ್ನೆರಡು ಮನೆಯ ಸಾವು ಬರುತ್ತಿತ್ತು. ಫೋನಿನ ಯಜಮಾನಿ ಎಲ್ಲರ ಸಂಸಾರದ ಗುಟ್ಟು ಬಲ್ಲವಳಾಗಿ ಬೀದಿಯನ್ನೇ ಆಳುತ್ತಿದ್ದಳು.

ಆ ಕಾಲದಲ್ಲೇ, ಇದೇ ಊರಿನ ಮಿಲ್ಲರ್ಸ್ ರಸ್ತೆಯಲ್ಲಿ, 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಉಪಗ್ರಹದ ಮೂಲಕ ನೇರ ಅಮೆರಿಕಕ್ಕೆ ಸಂಪರ್ಕ ಸಿಕ್ಕಿತು. ಅದರ ಆಂಟೆನಾ ಎತ್ತಿನ ಗಾಡಿಯ ಮೇಲೆ ಬಂತು ಎಂಬ ಕಥೆಯನ್ನು ಐಟಿಯವರು ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ಎತ್ತುಗಳು ಪಾಪ, ಬಸವನಗುಡಿಗೂ ಬರುತ್ತಿದ್ದವು. ಯಾರೂ ಹೊಡೆಯಲಿಲ್ಲ.

ಇದೇನು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹುಟ್ಟಿ ಮೊದಲು ಹೋದದ್ದು ಎಲ್ಲಿಗೆ? ಬೆಂಗಳೂರಿಗಲ್ಲ, ಮೈಸೂರಿಗಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ದಾರಿಯ ಹಳ್ಳಿಗಳ ತಲೆಯ ಮೇಲೆ ಹಾದುಹೋದ ಬೆಳಕು ಹಳ್ಳಿಗಳಿಗೆ ಇಳಿಯಲಿಲ್ಲ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ. ಅದಕ್ಕೇ ನಾವು ಏಷ್ಯದಲ್ಲೇ ಮೊದಲಿಗರು ಎಂದು ಬೀಗುತ್ತೇವೆ. ತಂತಿ ಯಾವಾಗಲೂ ಮೊದಲು ಚಿನ್ನವಿದ್ದ ಕಡೆ ಓಡುತ್ತದೆ. ಅದನ್ನು ಹಿಡಿದು ಬಗ್ಗಿಸಿ ಬಡವನ ಮನೆಯ ಹೊಸ್ತಿಲಿಗೆ ತಂದವರು ದಿವಾನರು, ಬೋರ್ಡುಗಳು, ನಮ್ಮ ರಾಯರಂಥ ಜೆಇಗಳು. ಇದನ್ನು ಹೇಳಿದಾಗ ರಾಯರ ಎದೆ ಎರಡಂಗುಲ ಉಬ್ಬಿತು.

ನೀರಿನ ಚರಿತ್ರೆ ಇನ್ನೂ ರುಚಿ. 1896ರ ಹೊತ್ತಿಗೆ ಹೆಸರಘಟ್ಟದ ನೀರು ಪೈಪಿನಲ್ಲಿ ಊರಿಗೆ ಬಂತು, ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್‌ನಲ್ಲಿ ಸೋಸಿಕೊಂಡು. ಮನೆಮನೆಗೆ ನಲ್ಲಿ ಎಲ್ಲಿ ಬರಬೇಕು? ಬೀದಿಗೊಂದು ನಲ್ಲಿ. ಬಿಂದಿಗೆ ಜಗಳ, ಜಡೆ ಜಗಳ ಎಲ್ಲ ನಡೆದರೂ ನೀರು ಸಿಗುತ್ತಿತ್ತು. ಈಗ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಹೊಡೆದು ತರುತ್ತೇವೆ. ಲಾಭ ನೋಡುವ ಯಾವ ಸೇಟು ಈ ಕೆಲಸಕ್ಕೆ ಕೈ ಹಾಕುತ್ತಿದ್ದ?

ನೆಟ್ಟಿಗೂ ಬೀದಿ ನಲ್ಲಿ ಹಾಕಿಸಿದ್ದರು ಎಂಬುದು ನೆನಪಿದೆಯೇ? 2014ರ ಜನವರಿ. ನಮ್ಮ ವೈ-ಫೈ ಎಂದು ಹೆಸರು. ದೇಶದಲ್ಲೇ ಮೊದಲು ಎಂಬ ಜಾಗಟೆ ಬೇರೆ. ಎಲ್ಲಿ ಹಾಕಿದರು? ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಕೆಲವು ಬಸ್ ನಿಲ್ದಾಣ. ಪಿಜ್ಜಾ ತಿನ್ನುವವನ ಪಕ್ಕಕ್ಕೆ ಬಿಟ್ಟಿ ನಲ್ಲಿ! ಕಲಾಸಿಪಾಳ್ಯದ ಹಮಾಲಿಗೂ ಕೊಳೆಗೇರಿಯ ಶಾಲೆ ಹುಡುಗಿಗೂ ನೆಟ್ ಬೇಕಾಗುತ್ತದೆಂದು ಆಗ ಯಾರಿಗೂ ಅನ್ನಿಸಲಿಲ್ಲ. ಕೆಲವೇ ವರ್ಷಕ್ಕೆ ನಲ್ಲಿ ಒಣಗಿತು. ಬೀದಿ ನಲ್ಲಿ ಕೆಟ್ಟರೆ ತಲೆಕೆಳಗಾದ ಕೊಡಗಳ ಸಾಲಾದರೂ ಕಾಣುತ್ತದೆ. ವೈ-ಫೈ ಸತ್ತರೆ ಹೆಣವೂ ಸಿಗುವುದಿಲ್ಲ. ಫೋನಿನ ಮೂಲೆಯಲ್ಲಿ ಒಂದು ಹೆಸರು ಬರಬೇಕಿತ್ತು, ಬರಲಿಲ್ಲ, ಅಷ್ಟೇ. 2020ರಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಎಂಬ ಇನ್ನೊಂದು ಯೋಜನೆ ತಂದಿತು. ಹಳೆಯ ಎಸ್‌ಟಿಡಿ ಬೂತಿನ ಹಾಗೆ ಕಿರಾಣಿ ಅಂಗಡಿಯವನೂ ನೆಟ್ ಮಾರಬಹುದು. ಒಳ್ಳೆಯ ಯೋಚನೆಯೇ. ಗಾಂಧಿ ಬಜಾರಿನಲ್ಲಿ ವೀಳ್ಯದೆಲೆ ಮಾರುವಾಕೆಗೆ ಈ ಸಂಗತಿ ತಿಳಿಸಿದೆ. ‘ಕಟ್ಟಿಗೆಷ್ಟು ಸ್ವಾಮಿ?’ ಎಂದು ಕೇಳಿದಳು.

ಇನ್ನು ರೇಟಿನ ವಿಷಯ. ಇದನ್ನು ಹಾಲಿನಿಂದ ಶುರು ಮಾಡಬೇಕು.

2024ರ ಜೂನ್ 26ರಂದು ಕೆಎಂಎಫ್‌ನವರು ನಂದಿನಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿದರು. ಸುಮ್ಮನೆ ಏರಿಸಲಿಲ್ಲ, 50 ಎಂಎಲ್ ಹಾಲೂ ಜಾಸ್ತಿ ಹಾಕಿದರು. 22 ರೂಪಾಯಿಯ ಅರ್ಧ ಲೀಟರು 24 ರೂಪಾಯಿಯ 550 ಎಂಎಲ್ ಆಯಿತು. ಅಬ್ಬಬ್ಬಾ! ವಿರೋಧ ಪಕ್ಷ ಬೀದಿಗಿಳಿಯಿತು. ಟಿವಿಯಲ್ಲಿ ಮೂರು ದಿನ ಹಾಲಾಹಲ. ಲೆಕ್ಕದ ಮೇಷ್ಟ್ರುಗಳು ಇದು ಏರಿಕೆಯೋ ಅಲ್ಲವೋ ಎಂದು ತಲೆ ಕೆರೆದುಕೊಂಡರು. ‘ಜಾಸ್ತಿ ಹಾಲು ನಾವು ಕೇಳಿದ್ವಾ?’ ಎಂದು ನಮ್ಮ ಮನೆಯವರು ಬೂತಿನ ಹುಡುಗನ ಮೇಲೆ ಹರಿಹಾಯ್ದರು.

ಸರಿಯಾಗಿ ಒಂದು ವಾರ. ಜುಲೈ 3ಕ್ಕೆ ಜಿಯೊ, ಏರ್‌ಟೆಲ್ ದರ ಏರಿಸಿದವು, ಮರುದಿನ ವಿಐ. ಶೇ 10ಕ್ಕೂ ಮೇಲೆ, ಕೆಲವು ಪ್ಲ್ಯಾನುಗಳಲ್ಲಿ ಶೇ 25ರ ಆಸುಪಾಸು. 50 ಎಂಎಲ್ ಹೋಗಲಿ, ಒಂದು ತೊಟ್ಟು ಡೇಟಾ ಜಾಸ್ತಿ ಹಾಕಲಿಲ್ಲ. ಫ್ರೀಡಂ ಪಾರ್ಕಿನಲ್ಲಿ ಯಾರಾದರೂ ಖಾಲಿ ಮೊಬೈಲ್ ಹಿಡಿದು ಕೂತರೇ? ನಮ್ಮ ಮನೆಯವರು ರೀಚಾರ್ಜ್ ಮಾಡಿಸಿ, ಎಸ್‌ಎಂಎಸ್ ಬಂತಾ ಎಂದು ನೋಡಿ, ಹಾಲು ಕಾಯಿಸಲು ಒಳಗೆ ಹೋದರು. ಹಾಲಿಗೆ ಮುಖವಿದೆ. ಬೂತಿನ ಹುಡುಗನಿದ್ದಾನೆ, ಅವನ ಮೇಲೆ ಕೆಎಂಎಫ್, ಅದರ ಮೇಲೆ ಮುಖ್ಯಮಂತ್ರಿ. ಮೆಟ್ಟಿಲು ಮೆಟ್ಟಿಲಾಗಿ ಬೈಯುತ್ತ ವಿಧಾನಸೌಧದ ತನಕ ಹತ್ತಬಹುದು. ಡೇಟಾಕ್ಕೆ ಮೆಟ್ಟಿಲಿಲ್ಲ, ಬರೀ ಲಿಫ್ಟು, ಅದರ ಗುಂಡಿ ಒಳಗಡೆಯಿದೆ.

ನೀರಿನ ದರ ನೋಡಿ. 2014ರಲ್ಲಿ ಏರಿಸಿದ ಮೇಲೆ ಮತ್ತೆ ಏರಿಸಲು ಧೈರ್ಯ ಬಂದದ್ದು 2025ರ ಏಪ್ರಿಲ್‌ಗೆ. ಹನ್ನೊಂದು ವರ್ಷ ಸರ್ಕಾರಗಳು ಬಂದವು, ಹೋದವು, ಎಲ್ಲರಿಗೂ ಕೊಡ ಹಿಡಿದ ಹೆಂಗಸರ ಭಯ. ಕರೆಂಟಿನ ದರವಾದರೋ, 1999ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಬೆಸ್ಕಾಂನವರು ಕೈಕಟ್ಟಿ ನಿಂತು, ಯೂನಿಟ್ಟಿಗೆ ಇಷ್ಟು ಪೈಸೆ ಏರಿಸಿಕೊಡಿ ಎಂದು ಅರ್ಜಿ ಹಾಕಬೇಕು. ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ರಾಯರು ಒಮ್ಮೆ ನನ್ನನ್ನೂ ವಸಂತನಗರಕ್ಕೆ ಕರೆದುಕೊಂಡು ಹೋಗಿದ್ದರು. ನೋಡಬೇಕಿತ್ತು ಆ ಸೊಗಸು! ಬಗಲಲ್ಲಿ ಚೀಲ, ಚೀಲದಲ್ಲಿ ದಾರ ಕಟ್ಟಿದ ಫೈಲು, ಎದ್ದು ನಿಂತ ಹಿರಿಯರೊಬ್ಬರು ಪುಟ ಸಂಖ್ಯೆ, ಕೋಷ್ಟಕ ಸಂಖ್ಯೆ ಹೇಳಿ ಹೇಳಿ ಕಂಪನಿಯ ಲೆಕ್ಕವನ್ನು ಸುಲಿಯುತ್ತಿದ್ದರು. ಎದುರು ಸೂಟು ಹಾಕಿದ ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ಕೊನೆಗೆ ದರ ಏರಿತು, ಆ ಮಾತು ಬೇರೆ. ಆದರೆ ಮೊದಲು ಬೈಸಿಕೊಂಡು ಆಮೇಲೆ ಏರಿಸಿದರು. ಅದು ಮರ್ಯಾದೆ.

ಮೊಬೈಲು, ನೆಟ್ಟಿನ ದರಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅನುಸರಿಸುವ ನೀತಿಯ ಹೆಸರೇ ‘ಫಾರ್‌ಬೇರೆನ್ಸ್’. ಕನ್ನಡದಲ್ಲಿ ಹೇಳುವುದಾದರೆ ತಾಳ್ಮೆ. ಅಂದರೆ ಬಹುಪಾಲು ದರಗಳನ್ನು ಕಂಪನಿಗಳೇ ನಿಗದಿ ಮಾಡಿಕೊಳ್ಳಲಿ, ನಾವು ಸುಮ್ಮನಿದ್ದು ನೋಡುತ್ತೇವೆ ಎಂದರ್ಥ. ತಾಳಿದವನು ಬಾಳಿಯಾನು ಎಂಬ ಗಾದೆಯಿದೆ. ಇಲ್ಲಿ ತಾಳುವವರು ಒಬ್ಬರು, ಬಾಳುವವರು ಇನ್ನೊಬ್ಬರು.

ತಾಳ್ಮೆಯ ಫಲವಾಗಿ ಪಂಚಾಂಗವೇ ಬದಲಾಯಿತು. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಎರಡೂವರೆ ಮೂರು ವರ್ಷಕ್ಕೊಮ್ಮೆ, ಅದೂ ಸೂರ್ಯ ಚಂದ್ರರ ಲೆಕ್ಕ ಸರಿದೂಗಿಸಲು. ಕಂಪನಿಗಳ ಪಂಚಾಂಗದಲ್ಲಿ ತಿಂಗಳಿಗೆ 28 ದಿನ. 28ನ್ನು 13ರಿಂದ ಗುಣಿಸಿ, 364. ವರ್ಷಕ್ಕೆ ಹದಿಮೂರು ರೀಚಾರ್ಜು, ಪ್ರತಿ ವರ್ಷ ತಪ್ಪದೆ ಒಂದು ಅಧಿಕ ಮಾಸ. ಅಧಿಕ ಮಾಸದಲ್ಲಿ ಮಾಡಿದ ದಾನಕ್ಕೆ ಹೆಚ್ಚು ಪುಣ್ಯ ಎನ್ನುತ್ತಾರೆ, ಆ ಸಮಾಧಾನವಿರಲಿ. ಜನ ಗೊಣಗಿದ್ದು ಟ್ರಾಯ್ ಕಿವಿಗೂ ಬಿದ್ದು, 2022ರಲ್ಲಿ 30 ದಿನದ ಪ್ಲ್ಯಾನ್ ಒಂದಾದರೂ ಇಡಿ ಎಂದು ಅಪ್ಪಣೆ ಮಾಡಿತು. ಇಟ್ಟರು. ಮೆನುವಿನ ಕೊನೆಯಲ್ಲಿ, ಹೋಟೆಲಿನವರು ಗಂಜಿ ಇಟ್ಟ ಹಾಗೆ.

ಇನ್ನು ‘ವರೆಗೆ’ ಎಂಬ ಪದ. ‘100 ಎಂಬಿಪಿಎಸ್‌ವರೆಗೆ’ ಎನ್ನುತ್ತದೆ ಜಾಹೀರಾತು. ನಂದಿನಿಯವರು ಪ್ಯಾಕೆಟ್ಟಿನ ಮೇಲೆ ‘ಅರ್ಧ ಲೀಟರ್‌ವರೆಗೆ ಹಾಲು’ ಎಂದು ಅಚ್ಚು ಹಾಕಲಿ ನೋಡೋಣ. ಸಂಜೆಯೊಳಗೆ ಬೂತಿಗೆ ಕಲ್ಲು ಬಿದ್ದಿರುತ್ತದೆ. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಸರ್ಕಾರ 2023ರಲ್ಲಿ ಗೊತ್ತುಮಾಡಿದ ಕನಿಷ್ಠ ವೇಗ 2 ಎಂಬಿಪಿಎಸ್. ಅದಕ್ಕೂ ಮೊದಲು 512 ಕೆಬಿಪಿಎಸ್ ಇತ್ತು, 2004ರಲ್ಲಿ 256. ಪರವಾಗಿಲ್ಲ, ಆಮೆಯೂ ನಡೆಯುತ್ತದೆ.

ದೂರು ಕೊಡಬೇಕೆನ್ನಿ. ಕರೆಂಟಿನವರ ಮೇಲೆ ಸಿಟ್ಟು ಬಂದರೆ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ನೆಟ್ಟಿನವರ ಮೇಲೆ ಸಿಟ್ಟು ಬಂದರೆ 2012ರ ನಿಯಮದಂತೆ ಮೊದಲು ಆ ಕಂಪನಿಯ ದೂರು ಕೇಂದ್ರಕ್ಕೆ ಹೇಳಬೇಕು. ತೃಪ್ತಿಯಾಗದಿದ್ದರೆ ಮೇಲ್ಮನವಿ. ಯಾರಿಗೆ? ಅದೇ ಕಂಪನಿ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ. ಅತ್ತೆಯ ಮೇಲಿನ ದೂರು ಅತ್ತೆಗೆ, ತೀರ್ಪು ಸರಿಯಿಲ್ಲವೆಂದರೆ ಅತ್ತೆಯ ತಂಗಿಗೆ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಅದು ಲೋಕಕಲ್ಯಾಣದಲ್ಲಿ ನಿರತ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಮೂರು ದಿನದ ನೆಟ್ಟಿಗೆ ಮೂರು ವರ್ಷದ ಕೇಸು. ನಾನು ಕಡತದಲ್ಲಿ ಸತ್ತವನು, ವಕಾಲತ್ತಿಗೆ ಯಾರ ಸಹಿ ಹಾಕಿಸಲಿ?

ಟ್ರಾಯ್‌ನವರು ಒಂದು ಸಲ ಮಾತ್ರ ಗಂಡಸುತನ ತೋರಿದರು, ಅದನ್ನು ಮರೆಯಬಾರದು. ಫೇಸ್‌ಬುಕ್‌ನವರು ಫ್ರೀ ಬೇಸಿಕ್ಸ್ ಎಂದು ಬಡವರಿಗೆ ಬಿಟ್ಟಿ ನೆಟ್ ಹಂಚಲು ಬಂದಾಗ. ನೀರು ಬಿಟ್ಟಿಯೇ, ಆದರೆ ನಾವು ಹೇಳಿದ ಪಾತ್ರೆಗೆ ಮಾತ್ರ ತುಂಬಬೇಕು ಎಂಬ ಕರಾರು. ದೇಶದ ಹುಡುಗರೆಲ್ಲ ಎದ್ದು ಕೂಗಿದರು. 2016ರ ಫೆಬ್ರುವರಿ 8ರಂದು ಟ್ರಾಯ್ ಅದಕ್ಕೆ ಬಾಗಿಲು ಹಾಕಿತು. ರಾಯರ ಭಾಷೆಯಲ್ಲಿ, ನೀನು ದೋಸೆಹಿಟ್ಟು ರುಬ್ಬುತ್ತೀಯೋ ಚಟ್ನಿ ಅರೆಯುತ್ತೀಯೋ, ಯಾವ ಕಂಪನಿಯ ಮಿಕ್ಸಿ ಇಟ್ಟಿದ್ದೀಯ ಎಂದು ಕೆಇಬಿ ಯಾವತ್ತಾದರೂ ಕೇಳಿದೆಯಾ? ಅಮೆರಿಕದವರು ನೆಟ್ಟೂ ಕರೆಂಟಿನ ಸಾಲಿನದೇ ಎಂಬ ಪ್ರಶ್ನೆಗೆ 2015ರಲ್ಲಿ ಹೌದೆಂದು, 2017ರಲ್ಲಿ ಅಲ್ಲವೆಂದು, 2024ರಲ್ಲಿ ಮತ್ತೆ ಹೌದೆಂದು, 2025ರ ಜನವರಿಯಲ್ಲಿ ಕೋರ್ಟಿನಲ್ಲಿ ಮತ್ತೆ ಅಲ್ಲವೆನ್ನಿಸಿಕೊಂಡು ಸುಸ್ತಾದರು. ಹತ್ತು ವರ್ಷದ ಮದುವೆಯಲ್ಲಿ ಎರಡು ಸಲ ತವರುಮನೆ.

ಆದರೆ ಒಂದು ವಿಷಯದಲ್ಲಿ ನಮ್ಮ ಸರ್ಕಾರಗಳು ನೆಟ್ಟನ್ನು ಎಂದೋ ಸಾರ್ವಜನಿಕ ಸೇವೆ ಮಾಡಿಕೊಂಡಿವೆ. ಪೈಪು ನಮ್ಮದಲ್ಲ ಎನ್ನುವವರ ಕೈಯಲ್ಲಿ ವಾಲ್ವಿನ ಕೀಲಿ ಮಾತ್ರ ಭದ್ರ. ನೆಟ್ ಬಂದ್ ಮಾಡುವುದು ಹೇಗೆಂದು 2017ರಲ್ಲಿ ನಿಯಮವನ್ನೇ ಬರೆದರು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ಎರಡು ದಿನ ಊರಿಗೆ ಊರೇ ನೆಟ್ಟಿಲ್ಲದೆ ಕೂತಿತ್ತು. ಕೆಲವು ರಾಜ್ಯಗಳಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆಂದು ಇಡೀ ಜಿಲ್ಲೆಯ ನೆಟ್ ಆರಿಸುತ್ತಾರೆ. ಮೂವತ್ತಾರು ವರ್ಷ ಪರೀಕ್ಷೆ ಕೋಣೆಯಲ್ಲಿ ಅಡ್ಡಾಡಿದ ನಾನು ಹೇಳುತ್ತೇನೆ, ಕಾಪಿ ಹಿಡಿಯಲು ಬೇಕಾದದ್ದು ಚಪ್ಪಲಿಯ ಸದ್ದಾಗದ ಹಾಗೆ ನಡೆಯುವ ಕಲೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅನಿರ್ದಿಷ್ಟ ಕಾಲ ನೆಟ್ ನಿಲ್ಲಿಸುವಂತಿಲ್ಲ ಎಂದಿತು. ಅಳಿಯ ಹೆದರುವುದು ಈ ನೆಟ್ ಬಂದ್‌ಗೇ. ‘ಮಾವ, ಇವರ ಕೈಗೆ ಪೈಪೂ ಕೊಟ್ರೆ?’ ಈ ಪ್ರಶ್ನೆಗೆ ರಾಯರು ತುಸು ಹೊತ್ತು ಎಲೆ ಅಡಿಕೆ ಹಾಕಿಕೊಂಡರು.

ಪೈಪು ಕೊಡಬೇಕೆಂದು ನಾನೂ ಹೇಳುತ್ತಿಲ್ಲ. ಟ್ಯಾಂಕರು ಖಾಸಗಿಯವರದೇ ಅಲ್ಲವೇ? 2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿದಾಗ, ಜಿಲ್ಲಾಡಳಿತ 6,000 ಲೀಟರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಎಂದು ಕಟ್ಟಿತು. ಲಾರಿ ಕಿತ್ತುಕೊಳ್ಳಲಿಲ್ಲ, ಮೂಗುದಾರ ಹಾಕಿತು. ಕೇರಳದವರು ಇನ್ನೂ ಮುಂದೆ ಹೋಗಿ, ಕೆ-ಫೋನ್ ಎಂದು ತಮ್ಮದೇ ಕೇಬಲ್ ಎಳೆದು 2023ರಲ್ಲಿ ಉದ್ಘಾಟನೆ ಮಾಡಿದರು, ಬಡವರಿಗೆ ಬಿಟ್ಟಿ ಎಂದರು. ಹಾಸ್ಟೆಲಿನಲ್ಲಿ ಮೊಬೈಲು ಕಿತ್ತಿಡುತ್ತಾರೆಂದು ಹುಡುಗಿಯೊಬ್ಬಳು ಹೈಕೋರ್ಟಿಗೆ ಹೋಗಿ, ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಎಂದು 2019ರಲ್ಲೇ ಹೇಳಿಸಿಕೊಂಡು ಬಂದ ನಾಡು ಅದು. ಇಲ್ಲಿ ನನ್ನ ಕಣ್ಣಿನ ವಿಷಯ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸಂಪರ್ಕ ಬದುಕುವ ಹಕ್ಕಿನ ಭಾಗವೇ ಎಂದಿತು. ಕೇಸು ಹಾಕಿದವರಲ್ಲಿ ಆಸಿಡ್ ದಾಳಿಗೆ ಒಳಗಾದವರೂ ಇದ್ದರು. ಬ್ಯಾಂಕಿನ ಕೆವೈಸಿಗೆ ಕಣ್ಣು ಮಿಟುಕಿಸು ಎಂದರೆ ಮಿಟುಕಿಸಲು ಅವರಿಗೆ ರೆಪ್ಪೆಯೇ ಆಡುತ್ತಿರಲಿಲ್ಲ. ಅದನ್ನು ಓದಿದ ದಿನ ನನ್ನ ಹಾಸ್ಯ ನನಗೇ ಕಹಿಯಾಯಿತು.

ಭಾನುವಾರ ಸಂಜೆ ಕಂಪನಿಯ ಹುಡುಗ ಬಂದ. ಬೆನ್ನಿಗೆ ಚೀಲ, ಬೈಕಿಗೆ ಏಣಿ. ಕಲಬುರಗಿ ಕಡೆಯವನು. ನಮ್ಮ ಹೊಂಗೆ ಮರದಲ್ಲಿ ಕೊಂಬೆಗಿಂತ ಕೇಬಲ್ಲೇ ಹೆಚ್ಚು. ಸುರುಳಿ ಸುತ್ತಿ ನೇತುಹಾಕಿದ್ದನ್ನು ದೂರದಿಂದ ನೋಡಿದರೆ ಚಕ್ಕುಲಿ ಸರದ ಹಾಗೆ ಕಾಣುತ್ತದೆ. ರಸ್ತೆ ಅಗೆಯಲು ಅನುಮತಿ ಬೇಕು, ಶುಲ್ಕ ಬೇಕು. ಮರಕ್ಕೆ ಯಾರ ಅನುಮತಿ? ಉತ್ಸವಮೂರ್ತಿ ಬೀದಿಗೆ ಬಂದಾಗ ಮುಂದೆ ಒಬ್ಬ ಕವೆಗೋಲು ಹಿಡಿದು ಕೇಬಲ್ ಎತ್ತಿ ಎತ್ತಿ ದೇವರಿಗೆ ದಾರಿ ಮಾಡುತ್ತಾನೆ.

ಹುಡುಗ ಏಣಿ ಹತ್ತಿ ಒಂದು ಎಳೆ ಹಿಡಿದ. ‘ಇದು ನಮ್ದಲ್ರೀ ಸರ, ಬ್ಯಾರೆ ಕಂಪ್ನಿದು.’ ಇನ್ನೊಂದು. ಅದೂ ಅಲ್ಲ. ಐದನೆಯದು ನಮ್ಮದು, ಬೊಂಬು ನೆಟ್ಟವರೋ ಸೀರಿಯಲ್ ಸೆಟ್ ಕಟ್ಟಿದವರೋ ಎಳೆದು ತುಂಡಾಗಿತ್ತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಹೇಳಿದ, ತಾನು ಕಂಪನಿಯವನಲ್ಲ, ಕಂಪನಿಯ ಗುತ್ತಿಗೆದಾರನ ಕೈಕೆಳಗಿನ ಇನ್ನೊಬ್ಬ ಗುತ್ತಿಗೆದಾರನ ಕಡೆಯವನು, ಇದು ಇವತ್ತಿನ ಹನ್ನೊಂದನೇ ಮನೆ. ಬಾಯಿ ಮುಚ್ಚಿದೆ.

ಕಡಲೆಕಾಯಿಯವನ ಖಾಲಿ ಕ್ರೇಟು ಮಗುಚಿ ಕೂತು ಹುಡುಗ ಮಷಿನ್ ತೆಗೆದ. ಟಿಫನ್ ಕ್ಯಾರಿಯರಿನಷ್ಟು ದೊಡ್ಡದು. ಕೇಬಲಿನ ಕಪ್ಪು ಸಿಪ್ಪೆ ಸುಲಿದ, ಒಳಗಿನ ಬಣ್ಣದ ಪೊರೆ ಸುಲಿದ, ಕೊನೆಗೆ ಉಳಿದದ್ದು ತಲೆಕೂದಲಿನಂಥ ಒಂದು ಗಾಜಿನ ಎಳೆ. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದಿಂದ ಒರೆಸಿದ, ಕೀಚ್ ಎಂದಿತು. ಎರಡು ತುದಿಗಳನ್ನೂ ಎದುರುಬದುರು ಇಟ್ಟು ಮುಚ್ಚಳ ಹಾಕಿದ. ಪುಟ್ಟ ಪರದೆಯ ಮೇಲೆ ಎರಡು ಗೆರೆಗಳು ವಧುವರರ ಹಾಗೆ ಸಂಕೋಚದಿಂದ ಹತ್ತಿರ ಬಂದವು. ಕಿಡಿ ಹಾರಿ ಒಂದಾದವು. ರಾಯರು ಬಾಗಿ ನೋಡುತ್ತಿದ್ದರು. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಹಳೆಯ ಲೈನ್‌ಮನ್‌ಗಳ ಕೆಲಸ ನೋಡುವಾಗಿನ ಹೆಮ್ಮೆ. ‘ನಿನ್ನ ಪಿಎಫ್ ಕಟ್ತಾರಾ?’ ಎಂದು ಕೇಳಿದರು. ಹುಡುಗ ನಕ್ಕು ಎರಡು ಹಸಿ ಕಡಲೆಕಾಯಿ ಬಾಯಿಗೆ ಹಾಕಿಕೊಂಡ.

ಹಸಿರು ದೀಪ ಬಂತು. ಹುಡುಗ ಗೇಟು ದಾಟುವ ಮೊದಲೇ ಫೋನ್ ಟಿಣ್ ಎಂದಿತು. ‘ನಿಮ್ಮ ದೂರು ಬಗೆಹರಿದಿದೆ. ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಅಶ್ವಿನಿ, ಭರಣಿ, ಕೃತ್ತಿಕೆ ಎಲ್ಲ ಕೊಟ್ಟೆ, ಹುಡುಗನ ಮುಖ ನೋಡಿ.

ಮತ್ತೆ ತಲೆ ಬಾಚಿಕೊಂಡು ಕೂತೆ. ಕತ್ತಲಾಗಿತ್ತು, ಟ್ಯೂಬ್‌ಲೈಟ್ ಹಾಕಿಸಿದೆ. ವೃತ್ತದೊಳಗೆ ಮುಖ ಬಂತು. ಹೊರಗೆ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಪರಿಷೆಯ ಸೀರಿಯಲ್ ಸೆಟ್‌ಗಳು ಒಮ್ಮೆಗೇ ಹತ್ತಿಕೊಂಡವು, ಜನ ಹೋ ಎಂದರು. ಮಿಟುಕಿಸಿ ಎಂದಿತು ಫೋನು. ಕಣ್ಣು ಮುಚ್ಚಿ ತೆರೆದೆ. ತೆರೆದರೂ ಕತ್ತಲೆ.

ಬಾಗಿಲಿಗೆ ಬಂದು ಎದುರುಮನೆ ನೋಡಿದೆ. ಅಲ್ಲೂ ಹೋಗಿತ್ತು. ಬೀದಿ ಕೊನೆಯ ತನಕ ಹೋಗಿತ್ತು. ಬಾಡಿಗೆ ಹುಡುಗರು ಮಹಡಿಯಿಂದ ಇಳಿದು ಬಂದರು, ಮೂಲೆ ಮನೆಯವರು ಮೊಂಬತ್ತಿ ಹಿಡಿದು ಬಂದರು, ಅಳಿಯ ಬಂದ, ನಮ್ಮ ಮನೆಯವರು ಬಂದರು. ರಾಯರು ಆಗಲೇ ಪಂಚೆ ಎತ್ತಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಫೋನಿನ ಬೆಳಕಿನಲ್ಲಿ ಅವರ ಮುಖ ಹತ್ತು ವರ್ಷ ಚಿಕ್ಕದಾಗಿ ಕಂಡಿತು.

‘ಹಲೋ, ಜೆಇನಾ?’ ಎಂದರು ರಾಯರು. ಬೀದಿಯೆಲ್ಲ ಹತ್ತಿರ ಸರಿಯಿತು.